ಮಂಜುಗಡ್ಡೆಯ ಓಟ ನೋಡಲು ಬಂದವರು

ಇವತ್ತಿನ ಪ್ರವಚನದ ಕಥೆಯಲ್ಲಿ ಒಬ್ಬ ಶ್ರೀಮಂತ ಬರುತ್ತಾನೆ, ತಂದೆ-ತಾಯಿಗಳೇ. ಆದರೆ ಅವನ ಊರು ನಮ್ಮ ಸೀಮೆಯದಲ್ಲ. ಭೂಮಿಯ ಉತ್ತರದ ತುದಿಯ ಕಡೆ, ವರ್ಷದಲ್ಲಿ ಐದು ತಿಂಗಳು ಹಿಮ ಬೀಳುವ ಒಂದು ಸಣ್ಣ ಊರು. ಊರಿನ ಮಗ್ಗುಲಿಗೆ ದೊಡ್ಡದೊಂದು ಕೆರೆ. ಚಳಿಗಾಲ ಬಂತೆಂದರೆ ಆ ಕೆರೆಯ ನೀರು ಹೆಪ್ಪುಗಟ್ಟಿ ಕಲ್ಲಾಗುತ್ತದೆ. ಎಷ್ಟು ಗಟ್ಟಿ ಎಂದರೆ ಅದರ ಮೇಲೆ ಲಾರಿ ಓಡಿಸಬಹುದು.

ಆ ಊರನ್ನು ನಾನು ಕಂಡಿಲ್ಲ. ಅಲ್ಲಿಯ ಆಸ್ಪತ್ರೆಯಲ್ಲಿ ಕೆಲವು ವರ್ಷ ದಾದಿಯಾಗಿದ್ದು ಬಂದ ನಮ್ಮ ಭಕ್ತೆಯೊಬ್ಬರು ಇದನ್ನೆಲ್ಲ ನನಗೆ ಹೇಳಿದರು. ಅಲ್ಲಿಯವರ ಮಾತು ನನಗೆ ಬರುವುದಿಲ್ಲ. ಹಾಗಾಗಿ ಅವರ ಬಾಯಲ್ಲಿ ನಮ್ಮ ಮಾತನ್ನೇ ಆಡಿಸುತ್ತೇನೆ. ಸಿಟ್ಟಾಗಬೇಡಿ.

ಅಲ್ಲಿ ಸ್ನೋಮೊಬೈಲ್ ಎಂಬ ಒಂದು ಬಂಡಿ ಇದೆ. ಮೋಟರ್ ಸೈಕಲ್ಲಿನ ಹಾಗೆ ಆ ಕಡೆ ಈ ಕಡೆ ಕಾಲು ಹಾಕಿ ಕೂರುವುದು. ಗಾಲಿ ಇಲ್ಲ. ಮುಂದೆ ಎರಡು ಜಾರುಪಟ್ಟಿ, ಹಿಂದೆ ಗರಗರ ತಿರುಗುವ ರಬ್ಬರಿನ ಪಟ್ಟಿ. ಪಂದ್ಯದ ಬಂಡಿಯಾದರೆ ಆ ಪಟ್ಟಿಗೆ ಉಕ್ಕಿನ ಮೊಳೆ ಬಡಿದಿರುತ್ತಾರೆ. ಚಳಿಗಾಲದ ಭಾನುವಾರ ಊರವರು ಕೆರೆಯ ಮೇಲೆ ಮೊಟ್ಟೆಯಾಕಾರದ ಒಂದು ದಾರಿ ಗುರುತು ಮಾಡಿ, ಅದಕ್ಕೆ ನೀರು ಹೊಯ್ದು, ಹೆಪ್ಪುಗಟ್ಟಿಸಿ, ಕನ್ನಡಿಯಂತೆ ನುಣುಪು ಮಾಡಿ, ಅದರ ಮೇಲೆ ಸುತ್ತು ಹಾಕುತ್ತಿದ್ದರು. ತಾಸಿಗೆ ನೂರೈವತ್ತು ಕಿಲೋಮೀಟರ್ ವೇಗ. ನೋಡಲು ಬರುತ್ತಿದ್ದವರು ಎಷ್ಟು ಮಂದಿ? ಇನ್ನೂರು. ಆ ಇನ್ನೂರು ಮಂದಿಗೂ ಓಡಿಸುವವರೆಲ್ಲ ಗೊತ್ತು. ಇವನು ಇಂಥವರ ಅಳಿಯ, ಅವನು ಇಂಥವರ ತಮ್ಮ. ಒಬ್ಬ ಜಾರಿ ಬಿದ್ದರೆ ಇನ್ನೂರು ಮಂದಿಯೂ ಎದ್ದು ನಿಲ್ಲುತ್ತಿದ್ದರು. ‘ಎದ್ದನೇನು? ಎದ್ದನೇನು?’ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಅವನು ಎದ್ದು ಕೈಯೆತ್ತಿದ ಮೇಲೆ ಕೂರುತ್ತಿದ್ದರು.

ಆ ದಾರಿಯ ಎರಡನೆಯ ತಿರುವಿನಲ್ಲಿ ಹಿಲ್ಮಾ ಎಂಬ ಒಬ್ಬ ಹೆಣ್ಣುಮಗಳು ಕೆಂಪು ಬಾವುಟ ಹಿಡಿದು ನಿಲ್ಲುತ್ತಿದ್ದಳು. ಐವತ್ತು ದಾಟಿದವಳು, ಊರಿನ ಅಂಚೆ ಕಚೇರಿಯಲ್ಲಿ ಕೆಲಸ. ಬಾವುಟ ಏಕೆ ಬೇಕು ಎಂದರೆ, ನೋಡಿ, ಮುಂದೆ ಹೋಗುವ ಬಂಡಿಯ ಮೊಳೆಗಳು ಮಂಜುಗಡ್ಡೆಯನ್ನು ಕೆರೆದು ಬಿಳಿ ಧೂಳು ಎಬ್ಬಿಸುತ್ತವೆ. ಹಿಂದೆ ಬರುವವನಿಗೆ ತನ್ನ ಕೈ ತನಗೆ ಕಾಣುವುದಿಲ್ಲ. ಆ ಧೂಳಿನೊಳಗೆ ಯಾರಾದರೂ ಬಿದ್ದಿದ್ದರೆ ಅವನಿಗೆ ತಿಳಿಯುವುದು ಹೇಗೆ? ದಂಡೆಯ ಮೇಲೆ ನಿಂತ ಹಿಲ್ಮಾ ನೋಡಬೇಕು. ಅವಳು ಬಾವುಟ ಎತ್ತಿದ್ದು ಕಂಡ ಕೂಡಲೇ ದೀಪದ ಗುಂಡಿ ಒತ್ತುತ್ತಾರೆ, ದಾರಿಯ ಉದ್ದಕ್ಕೂ ಕೆಂಪು ದೀಪ ಹತ್ತಿ ಎಲ್ಲ ಬಂಡಿಗಳೂ ನಿಲ್ಲುತ್ತವೆ.

ಇನ್ನು ನಮ್ಮ ಶ್ರೀಮಂತ. ಅವನದು ಮರ ಕೊಯ್ಯುವ ಕಾರ್ಖಾನೆ. ಸುತ್ತಲಿನ ಮರ ಮುಗಿಯುತ್ತ ಬಂದಂತೆ ಕೆಲಸ ಕಡಿಮೆಯಾಯಿತು, ಮನೆಗಳಿಗೆ ಬೀಗ ಬಿದ್ದವು, ಶಾಲೆಯಲ್ಲಿ ಒಂದೊಂದೇ ತರಗತಿ ಮುಚ್ಚಿತು. ಅವನು ಕೆಟ್ಟವನಲ್ಲ, ತಂದೆ-ತಾಯಿಗಳೇ. ಊರು ಉಳಿಯಲಿ ಎಂಬ ಹಂಬಲ ಅವನದು. ನಮ್ಮಲ್ಲಿ ಏನಿದೆ ಎಂದು ಯೋಚಿಸಿದ. ಮಂಜುಗಡ್ಡೆ ಇದೆ, ಓಟ ಇದೆ. ಸರಿ, ಮಂದಿಯನ್ನು ಕರೆಯೋಣ ಎಂದ. ಕೆರೆಯ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಕೂರುವ ಅಟ್ಟಣಿಗೆ ಕಟ್ಟಿಸಿದ. ಧ್ವನಿವರ್ಧಕ ಹಾಕಿಸಿದ. ತಿರುವು ತಿರುವಿಗೂ ಕ್ಯಾಮೆರಾ ಇರಿಸಿದ. ಇನ್ನೂರು ಇದ್ದವರು ಎರಡು ಸಾವಿರವಾದರು. ನಾಲ್ಕನೆಯ ವರ್ಷಕ್ಕೆ ಒಂಬತ್ತು ಸಾವಿರ. ಮುಚ್ಚಿದ್ದ ಹೋಟೆಲು ತೆರೆಯಿತು, ಬ್ರೆಡ್ಡಿನ ಅಂಗಡಿ ತೆರೆಯಿತು, ಊರಿನಲ್ಲಿ ನಗು ಕಾಣಿಸಿತು. ಇದರಲ್ಲಿ ತಪ್ಪೇನಿದೆ? ನನಗಂತೂ ತಪ್ಪು ಕಾಣುವುದಿಲ್ಲ.

ಆದರೆ ಒಂದು ಮಾತು ಗಮನಿಸಿ. ಗೆದ್ದವನು ಯಾರೆಂದು ತಿಳಿಯುವ ಗೆರೆ ಇರುವುದು ನೇರ ದಾರಿಯಲ್ಲಿ. ಮಂದಿ ಮೊದಲು ಜಾಗ ಹಿಡಿಯುತ್ತಿದ್ದುದು ತಿರುವಿನಲ್ಲಿ. ಯಾಕೆ? ನೀವೇ ಹೇಳಿ. ತಿರುವಿನಲ್ಲಿ ಬೀಳುತ್ತಾರೆ.

ಆ ವರ್ಷದ ಒಂದು ಓಟ. ಊರಿನ ಶಾಲಾ ಬಸ್ಸು ಓಡಿಸುವ ಆರ್ನೆ ಎಂಬವನು ಎಲ್ಲರಿಗಿಂತ ಮುಂದಿದ್ದ. ಹಿಂದೆ ಯಾರೋ ಒಬ್ಬ ಎರಡನೆಯ ತಿರುವಿನಲ್ಲಿ ಜಾರಿದ. ಹಿಲ್ಮಾ ಬಾವುಟ ಎತ್ತಿದಳು. ಎಲ್ಲ ನಿಂತವು. ಬಿದ್ದವನು ಮೈ ಕೊಡವಿಕೊಂಡು ಎದ್ದ, ಏನೂ ಆಗಿರಲಿಲ್ಲ. ಪಂದ್ಯ ಮತ್ತೆ ಮೊದಲಿನಿಂದ ಶುರುವಾಯಿತು, ಗೆಲ್ಲುತ್ತಿದ್ದ ಆರ್ನೆ ಈ ಸಲ ನಾಲ್ಕನೆಯವನಾದ. ಒಂಬತ್ತು ಸಾವಿರ ಮಂದಿ ಹಿಲ್ಮಾಳನ್ನು ನೋಡಿ ಹೋ ಎಂದು ಕೂಗಿದರು. ಯಾರೋ ಕಾಫಿಯ ಲೋಟ ಎಸೆದರು. ಅದು ಅವಳ ಭುಜಕ್ಕೆ ಬಡಿದು ಕೋಟಿನ ಮೇಲೆಲ್ಲ ಚೆಲ್ಲಿತು.

ಓಟ ಮುಗಿದ ಮೇಲೆ ಶ್ರೀಮಂತ ಅವಳ ಹತ್ತಿರ ಬಂದ.

‘ಹಿಲ್ಮವ್ವಾ, ಏನೂ ಆಗಿರ್ಲಿಲ್ಲಲ್ಲ?’

‘ಆಗಿರ್ಲಿಲ್ಲ ಅನ್ನೂದು ನಿಲ್ಲಿಸಿದ ಮ್ಯಾಲೆ ಗೊತ್ತಾತ್ರಿ.’

‘ಮಂದಿ ಎಂಟೆಂಟು ತಾಸು ಗಾಡಿ ಹೊಡಕೊಂಡು ಬಂದಾರ. ಹಿಂಗ ಸುಮ್‌ಸುಮ್ಮನ ನಿಲ್ಲಿಸಿದ್ರ ಬರೂ ವರ್ಷ ಬರಂಗಿಲ್ಲ. ನಿಲ್ಲಿಸಬ್ಯಾಡ ಅನ್ನಾಕತ್ತಿಲ್ಲ ನಾ. ಒಂದೀಟು ನೋಡಿ ನಿಲ್ಲಿಸು.’

ಒಂದೀಟು ನೋಡಿ. ಇಷ್ಟೇ ಅವನು ಹೇಳಿದ್ದು. ಕೇಳಲು ಎಷ್ಟು ಸೌಮ್ಯವಾದ ಮಾತು, ನೋಡಿ.

ಮರುದಿನ ಆರ್ನೆ ಅಂಚೆ ಕಚೇರಿಗೆ ಬಂದ. ಯಾವುದೋ ಪಾರ್ಸೆಲ್ಲಿಗೆ ಸಹಿ ಹಾಕುತ್ತ, ತಲೆಯೆತ್ತದೆ ಹೇಳಿದ, ‘ಅಕ್ಕಾ, ನಿನ್ನೆ ನಾ ಗೆದ್ದಿದ್ದೆ.’

‘ಗೊತ್ತಪಾ ನನಗ.’

‘ನಿನ್ನ ಮ್ಯಾಲೆ ಸಿಟ್ಟಿಲ್ಲ ಬಿಡು. ಮನಿಯಾಗ ಹುಡುಗ್ಯಾರು ಅತ್ರು, ಅದಕ್ಕ ಅಂದೆ.’ ಹಾಗೆಂದು ನಕ್ಕು ಹೊರಟುಹೋದ. ಅವನ ಇಬ್ಬರು ಹೆಣ್ಣುಮಕ್ಕಳಿಗೆ ಅಪ್ಪ ಗೆಲುವಿನ ಕಪ್ಪು ತರುತ್ತಾನೆಂಬ ಆಸೆ ಇತ್ತು.

ಎರಡು ವಾರದ ನಂತರ ಆ ವರ್ಷದ ಕೊನೆಯ ಓಟ. ಮಧ್ಯಾಹ್ನದ ಬಿಸಿಲು ಹಿಮದ ಮೇಲೆ ಬಿದ್ದು ಕಣ್ಣು ಕೋರೈಸುತ್ತಿತ್ತು. ಆರ್ನೆ ಮೂರನೆಯವನಾಗಿ ಓಡಿಸುತ್ತಿದ್ದ. ಎರಡನೆಯ ತಿರುವಿನಲ್ಲಿ ಅವನ ಜಾರುಪಟ್ಟಿ ಒಂದು ಗೀರಿಗೆ ಸಿಕ್ಕಿತು. ಬಂಡಿ ಒಂದು ಕಡೆ ಹೋಯಿತು, ಅವನೊಂದು ಕಡೆ ಹೋದ. ಬಿಳಿ ಧೂಳು ಕವಿಯಿತು.

ಹಿಲ್ಮಾ ನೋಡಿದಳು. ಅವನು ಬಿದ್ದದ್ದನ್ನು ಅವಳು ಕಣ್ಣಾರೆ ಕಂಡಳು. ಕೈ ಬಾವುಟದ ಮೇಲಿತ್ತು. ಆ ಗಳಿಗೆಯಲ್ಲಿ ಅವಳಿಗೆ ಏನು ನೆನಪಾಯಿತು? ಆ ಹೋ ಎಂಬ ಕೂಗು. ಕೋಟಿನ ಮೇಲಿನ ಕಾಫಿ. ಒಂದೀಟು ನೋಡಿ ನಿಲ್ಲಿಸು. ಎದ್ದೇಳುತ್ತಾನೇನೋ ಎಂದುಕೊಂಡಳು. ಧೂಳಿನೊಳಗೆ ಅವನ ತೋಳು ಅಲುಗಿದ್ದು ಕಂಡಿತು. ಒಂದು ಎಂದು ಎಣಿಸಿದಳು. ಎರಡು ಎಂದು ಎಣಿಸಿದಳು. ಬಾವುಟ ಎತ್ತಿದಳು.

ಹಿಂದಿನ ಬಂಡಿ ಅಷ್ಟರಲ್ಲಿ ಧೂಳಿನೊಳಗೆ ನುಗ್ಗಿಯಾಗಿತ್ತು.

ಒಂಬತ್ತು ಸಾವಿರ ಮಂದಿ ಎದ್ದು ನಿಂತರು. ಎದ್ದನೇನು ಎಂದು ಕೇಳಲು ಅಲ್ಲ. ಕೈಗಳು ಮೇಲೆ ಹೋದವು, ಒಂದೊಂದು ಕೈಯಲ್ಲೂ ಒಂದೊಂದು ಫೋನು. ಆಂಬುಲೆನ್ಸ್ ಬಂತು, ಅವನನ್ನು ಎತ್ತಿ ಮಲಗಿಸಿಕೊಂಡು ಹೋಯಿತು. ಆಮೇಲೆ ಅಟ್ಟಣಿಗೆಯ ಮೇಲಿದ್ದ ಒಬ್ಬ, ಮಡಿಲಲ್ಲಿ ಮಗಳನ್ನು ಕಂಬಳಿ ಹೊದಿಸಿ ಕೂರಿಸಿಕೊಂಡಿದ್ದವನು, ಪಕ್ಕದವನನ್ನು ಕೇಳಿದ: ‘ಮತ್ತ ಯಾವಾಗ ಚಾಲೂ ಮಾಡ್ತಾರಂತ?’ ಅವನೇನು ರಾಕ್ಷಸನೇ? ಅಲ್ಲ. ಮಗಳಿಗೆ ಚಳಿಯಾಗದಿರಲೆಂದು ಕಂಬಳಿ ತಂದವನು.

ಆರ್ನೆ ಆ ಸಂಜೆಯೊಳಗೆ ತೀರಿಕೊಂಡ. ನನಗೆ ಈ ಕಥೆ ಹೇಳಿದ ತಾಯಿ ಆಗ ಆಸ್ಪತ್ರೆಯಲ್ಲಿ ಕೆಲಸದ ಮೇಲಿದ್ದರು. ಅವನ ಹೆಂಡತಿ ಲೀನಾ ಅವನ ಕೈಗವಸುಗಳನ್ನು ತೊಡೆಯ ಮೇಲಿಟ್ಟುಕೊಂಡು, ಒಂದರ ಬೆರಳುಗಳನ್ನು ನೇರ ಮಾಡುತ್ತ ಕುಳಿತಿದ್ದಳಂತೆ. ಹಿಲ್ಮಾ ಬಂದು ಬಾಗಿಲಲ್ಲಿ ನಿಂತಳು.

ಲೀನಾ ಕೇಳಿದಳು, ‘ಅಕ್ಕಾ, ನೀ ಬಾವುಟ ಎತ್ತಿದ್ದಿ, ಹೌದಿಲ್ಲೋ?’

‘ಎತ್ತಿದೆ.’

‘ಲಗೂನ ಎತ್ತಿದ್ದಿ?’

ಅಲ್ಲಿ ಸುಳ್ಳು ಹೇಳಬಹುದಿತ್ತು. ಧೂಳು ಕವಿದಿತ್ತು ಎಂದರೆ ಯಾರು ಅಲ್ಲ ಎನ್ನುತ್ತಿದ್ದರು? ಹಿಲ್ಮಾ ಹೇಳಿದಳು, ‘ಇಲ್ಲವ್ವ. ತಡಾ ಮಾಡಿದೆ. ಬಿದ್ದದ್ದು ಕಂಡಿತ್ತು. ಎರಡು ಎಣಿಸೂತನಕ ಸುಮ್ಮನ ನಿಂತೆ.’

ಲೀನಾ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಹಿಲ್ಮಾ ಮನೆಗೆ ಹೋದಳು. ಮಾರನೆಯ ಬೆಳಗಿನಿಂದ ಅವಳು ಲೀನಾಳ ಮನೆಯ ಮುಂದೆ ಬಿದ್ದ ಹಿಮವನ್ನು ಸಲಿಕೆಯಿಂದ ಎತ್ತಿ ಹಾಕಿ, ಆಮೇಲೆ ಅಂಚೆ ಕಚೇರಿಗೆ ಹೋಗತೊಡಗಿದಳು. ಬೇಡ ಎಂದು ಯಾರೂ ಹೇಳಲಿಲ್ಲ. ಬಾ ಎಂದೂ ಹೇಳಲಿಲ್ಲ.

ಶ್ರೀಮಂತ ಇನ್ನು ಮಂದಿ ಬರುವುದಿಲ್ಲ ಎಂದುಕೊಂಡ. ಒಬ್ಬ ಮನುಷ್ಯ ಸತ್ತ ಜಾಗಕ್ಕೆ ಆಟ ನೋಡಲು ಯಾರು ಬರುತ್ತಾರೆ? ಮುಂದಿನ ವರ್ಷ ಬಂದವರು ಹದಿನೈದು ಸಾವಿರ. ಯಾಕೆಂದರೆ ಆ ವಿಡಿಯೊ ಊರೂರು ಸುತ್ತಿತ್ತು, ದೇಶ ದೇಶ ಸುತ್ತಿತ್ತು. ಎರಡನೆಯ ತಿರುವಿನ ಜಾಗಗಳು ಎಲ್ಲಕ್ಕಿಂತ ಮೊದಲು ತುಂಬಿದವು. ಓಟಕ್ಕೆ ಮುಂಚೆ ಆರ್ನೆಯ ಹೆಸರಿನಲ್ಲಿ ಒಂದು ನಿಮಿಷ ಮೌನ. ಶ್ರೀಮಂತ ವೇದಿಕೆಯ ಮೇಲೆ ಟೋಪಿ ತೆಗೆದು ನಿಂತ. ತಲೆಯೆತ್ತಿ ನೋಡಿದರೆ, ಆ ಮೌನದಲ್ಲೂ ನೂರಾರು ಕೈಗಳು ಫೋನು ಹಿಡಿದು ಅದೇ ತಿರುವಿನ ಕಡೆ ತಿರುಗಿವೆ. ಇಷ್ಟು ಮಂದಿ ಸೇರಬೇಕೆಂದು ವರ್ಷಗಟ್ಟಲೆ ಹಂಬಲಿಸಿದವನು ಅವನು. ಅವನಿಂದ ಅಲ್ಲಿ ನಿಲ್ಲಲಾಗಲಿಲ್ಲ. ವೇದಿಕೆ ಇಳಿದು ನಡೆದುಕೊಂಡೇ ಲೀನಾಳ ಮನೆಗೆ ಹೋದ.

ಅವಳು ಬಾಗಿಲು ತೆರೆದಳು. ಕೆರೆಯ ಕಡೆಯಿಂದ ಬಂಡಿಗಳ ಸದ್ದು ಅಲ್ಲಿಯವರೆಗೂ ಕೇಳುತ್ತಿತ್ತು.

‘ಎಷ್ಟು ಮಂದಿ ಬಂದಾರ್ರಿ?’ ಎಂದು ಕೇಳಿದಳು.

‘ಹದಿನೈದು ಸಾವಿರ.’

‘ಏನು ನೋಡಾಕ ಬಂದಾರ?’

ಅವನು ಮೆಟ್ಟಿಲ ಮೇಲೆ ಕುಸಿದು ಕುಳಿತ. ಅಳುತ್ತಿದ್ದನಂತೆ. ಅವಳು ಒಳಗೆ ಹೋದಳು.

ಆಮೇಲೆ ಅವನು ತಿರುವುಗಳಲ್ಲಿದ್ದ ಅಟ್ಟಣಿಗೆಯನ್ನೆಲ್ಲ ಕಿತ್ತುಹಾಕಿಸಿದ. ಬರುವವರು ಅರ್ಧಕ್ಕಿಂತ ಕಡಿಮೆಯಾದರು. ಹೋಟೆಲು ಮತ್ತೆ ಮುಚ್ಚಿತು. ಊರವರಲ್ಲಿ ಕೆಲವರು ಅವನ ಜೊತೆ ಮಾತು ಬಿಟ್ಟರು. ಹಿಲ್ಮಾ ಒಂದು ವರ್ಷ ಕೆರೆಯ ಕಡೆ ಮುಖ ಹಾಕದಿದ್ದವಳು ತಾನೇ ಹೋಗಿ ಬಾವುಟ ಕೇಳಿದಳು. ಈಗ ಯಾರು ಜಾರಿದರೂ ಎತ್ತುತ್ತಾಳೆ. ಒಂದೇ ಓಟದಲ್ಲಿ ಆರು ಸಲ ನಿಲ್ಲಿಸಿದ್ದೂ ಇದೆ. ಬಂದ ಮಂದಿ ಈಗಲೂ ಹೋ ಎನ್ನುತ್ತಾರೆ. ಅವಳು ಕೈ ಇಳಿಸುವುದಿಲ್ಲ. ಲೀನಾ ಮಾತ್ರ ಅವಳೊಡನೆ ಇವತ್ತಿನವರೆಗೂ ಒಂದು ಮಾತು ಆಡಿಲ್ಲ. ಎಲ್ಲ ಗಾಯವೂ ಮಾಯುತ್ತದೆ ಎಂದು ಈ ಗದ್ದುಗೆಯ ಮೇಲೆ ಕುಳಿತು ನಾನು ಸುಲಭವಾಗಿ ಹೇಳಬಹುದು. ಹೇಳುವುದಿಲ್ಲ.

ಈಗ ನಿಮಗೆ ಒಂದು ವಿಷಯ ಒಪ್ಪಿಸಬೇಕು. ಆ ತಾಯಿ ಈ ಕಥೆ ಹೇಳುವ ಮೊದಲು, ಓಟ ಎಂದರೆ ಹೇಗಿರುತ್ತದೆ ಎಂದು ತಿಳಿಯಲಿ ಅಂತ ತಮ್ಮ ಫೋನಿನಲ್ಲಿ ನನಗೊಂದು ವಿಡಿಯೊ ತೋರಿಸಿದರು. ಬಿಳಿ ಧೂಳು, ಒಂದು ಬಂಡಿ, ಇನ್ನೊಂದು ಬಂಡಿ. ನಾನು ನೋಡಿದೆ. ‘ಇನ್ನೊಮ್ಮೆ ಹಾಕವ್ವಾ’ ಎಂದೆ. ಹಾಕಿದರು. ಮೂರನೆಯ ಸಲವೂ ಕೇಳಿದೆ. ಅವರು ಫೋನನ್ನು ನನ್ನ ಕೈಗೆ ಕೊಟ್ಟು ಕಿಟಕಿಯ ಕಡೆ ನೋಡುತ್ತ ಕುಳಿತರು. ಮೂರು ಸಲ ನೋಡಿ ಆದಮೇಲೆ ಹೇಳಿದರು, ‘ಬುದ್ಧೀ, ಆ ಮನಿಷಾನ ಹೆಸರು ಆರ್ನೆ.’ ಕಾವಿ ಉಟ್ಟ ನಾನು ಅದುವರೆಗೂ ಅವನ ಹೆಸರು ಕೇಳಿರಲಿಲ್ಲ. ಎರಡನೆಯ ತಿರುವಿನಲ್ಲಿ ನಾನೂ ಜಾಗ ಹಿಡಿದು ಕುಳಿತಿದ್ದೆ.

ನೀವು ಎಲ್ಲಿ ಕುಳಿತಿದ್ದೀರಿ? ಹೋದ ತಿಂಗಳು ನಮ್ಮ ಬೈಪಾಸಿನಲ್ಲಿ ಬೈಕಿನಿಂದ ಬಿದ್ದವನ ಸುತ್ತ ಹನ್ನೊಂದು ಫೋನು ಎದ್ದಿದ್ದವು, ಒಬ್ಬರ ಕೈಯಲ್ಲೂ ನೀರಿನ ಬಾಟಲಿ ಇರಲಿಲ್ಲ. ಪಕ್ಕದ ಮನೆಯಲ್ಲಿ ಗಂಡ ಹೆಂಡತಿಯನ್ನು ಹೊಡೆಯುವ ಸದ್ದು ಬಂದರೆ ನಾವು ಟಿವಿಯ ದನಿ ಕಡಿಮೆ ಮಾಡುತ್ತೇವೆ. ಹೋಗಿ ಬಿಡಿಸಲು ಅಲ್ಲ, ಸರಿಯಾಗಿ ಕೇಳಲಿ ಎಂದು. ಪರೀಕ್ಷೆಯಲ್ಲಿ ನಪಾಸಾದ ಹುಡುಗಿಯ ಮನೆಗೆ ಸಮಾಧಾನ ಹೇಳುವ ನೆಪದಲ್ಲಿ ಹೋಗಿ ಅವಳ ಮುಖ ನೋಡಿ ಬರುತ್ತೇವೆ. ಇನ್ನು ಯಾರಾದರೂ ‘ಸಾಕು, ನಿಲ್ಲಿಸ್ರಿ’ ಎಂದರೆ? ಊಟದ ಪಂಕ್ತಿಯಲ್ಲಿ ಒಬ್ಬರನ್ನು ಎಲ್ಲರೂ ಆಡಿಕೊಂಡು ನಗುತ್ತಿರುವಾಗ ಸೊಸೆಯೊಬ್ಬಳು ಸಾಕು ಎಂದರೆ, ಮುದುಕಿಗೆ ತಲೆ ತಿರುಗಿತೆಂದು ಕಂಡಕ್ಟರ್ ಬಸ್ಸು ನಿಲ್ಲಿಸಿದರೆ, ನಾವು ಹೋ ಎನ್ನುತ್ತೇವೆ. ನೆನಪಿಡಿ, ಹಿಲ್ಮಾಳ ಕೈಯನ್ನು ಎರಡು ಎಣಿಸುವವರೆಗೆ ಹಿಡಿದದ್ದು ಆ ಹೋ.

ಇನ್ನು ಮೇಲೆ ಬಿದ್ದವರು ಕಂಡರೆ ಫೋನು ಜೇಬಿನಲ್ಲಿರಲಿ, ಮೊಣಕಾಲು ನೆಲಕ್ಕೆ ಹತ್ತಲಿ. ಅವರ ಹೆಸರು ಕೇಳಿ. ನಿಲ್ಲಿಸುವವರನ್ನು ಬೈಯಬೇಡಿ. ನಿಲ್ಲಿಸಬೇಕಾದವರು ನೀವೇ ಆದರೆ ಎಣಿಸುತ್ತ ನಿಲ್ಲಬೇಡಿ.

ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ನಿಮ್ಮ ಫೋನಿನಲ್ಲಿ ಯಾರೋ ಬಿದ್ದದ್ದು, ಯಾರೋ ಸತ್ತದ್ದು, ಯಾರದೋ ತಾಯಿ ಎದೆ ಬಡಿದುಕೊಂಡು ಅಳುತ್ತಿರುವುದು ಒಂದಾದರೂ ಇದ್ದೇ ಇರುತ್ತದೆ. ಅದನ್ನು ಅಳಿಸಿಬಿಡಿ. ಅಳಿಸುವ ಮೊದಲು ಇನ್ನೊಮ್ಮೆ ನೋಡಬೇಡಿ.