ಮಲ್ಲಂದೂರಿನ ಮಳೆಯ ಬಣ್ಣ

ಮಲ್ಲಂದೂರಿನ ಮಳೆ ಹಸಿರಾಗಿರಬೇಕೋ ಕೆಂಪಾಗಿರಬೇಕೋ ಎಂಬ ಗಹನವಾದ ಪ್ರಶ್ನೆ 2004ರ ಏಪ್ರಿಲ್‌ನಲ್ಲಿ, ಮೂಡಿಗೆರೆಯ ಸೈಬರ್ ಸೆಂಟರೊಂದರ ಮಹಡಿಯಲ್ಲಿ ಇತ್ಯರ್ಥವಾಯಿತು. ಮೊಮ್ಮಗಳ ಜಾತಕ ಪ್ರಿಂಟ್ ಮಾಡಿಸಲು ಸರದಿ ಕಾಯುತ್ತಿದ್ದ ಸುಬ್ರಾಯ ಮೇಷ್ಟ್ರು ಕಿವಿಗೊಟ್ಟು ಕೂತಿದ್ದರು. ಕಂಪ್ಯೂಟರಿನ ಮುಂದಿದ್ದವರು ಕಾಫಿ ಬೆಳೆಗಾರರ ಸಂಘದ ಅಪ್ಪಣ್ಣಗೌಡರು ಮತ್ತು ಊರೂರಿನ ಮಳೆ ತೋರಿಸುವ ಸಂಘದ ವೆಬ್‌ಸೈಟ್ ಮಾಡಿದ ಪ್ರೇರಣಾ.

“ಕಮಿಟಿಯವ್ರು ಅಕ್ಷರ ಕೆಂಪು ಮಾಡು ಅಂತಾರೆ ಮಾರಾಯ್ತಿ. ಹೋದ್ಸಲ ಬಣ್ಣ ಬದಲಾಯಿಸಿದಾಗ ಮಲ್ಲಂದೂರಲ್ಲಿ ಕಾಫಿ ಹೂ ಅರಳ್ಸೋ ಹೂಮಳೆ ಲೆಕ್ಕಾನೇ ಸೈಟಿಂದ ಮಾಯ ಆಯ್ತು. ಅಲ್ಲಿನ ನಮ್ಮ ಭಾವ ಇನ್ನೂ ನನ್ಹತ್ರ ಮಾತಾಡಿಲ್ಲ.”

“ಆಗ ಎಲ್ಲಾ ಒಂದೇ ಫೈಲಲ್ಲಿತ್ತು ಗೌಡ್ರೇ. ಈಗ ಮೂರು ಮಾಡಿದೀನಿ. ನಿಮ್ಮ ತೋಟದಲ್ಲಿ ಮಳೆ ಅಳೆದು ಬರೆಯೋದು ಯಾರು?”

“ರೈಟರು.”

“ಬೋರ್ಡಿಗೆ ಬಣ್ಣ ಹೊಡೆಯೋದು?”

“ಪೇಂಟರು.”

“ಯಾರು ಯಾವಾಗ ಏನು ಮಾಡ್ಬೇಕು ಅಂತ ಹೇಳೋದು?”

“ಮೇಸ್ತ್ರಿ. ನನ್ನ ಮಾತು ಅಲ್ಲಿ ಯಾರು ಕೇಳ್ತಾರೆ?”

“ಇಲ್ಲೂ ಹಂಗೇ, ಮೂರು ಕೆಲಸಕ್ಕೆ ಮೂರು ಫೈಲು. ಇನ್ನು ಪೇಂಟರು ರೈಟರ ಪುಸ್ತಕ ಮುಟ್ಟಂಗಿಲ್ಲ. ನೋಡಿ, ಕೆಂಪಾಯ್ತು.”

“ಮಳೆ?”

“ಒಂದಿಂಚು ಇಪ್ಪತ್ತು ಸೆಂಟು. ಹಂಗೇ ಇದೆ.”

“ನಮ್ಮ ತೋಟದ್ದು ತೊಂಬತ್ತೇ ಸೆಂಟಾ? ನೂರಾಗಿದ್ರೆ ಒಂದಿಂಚು ಆಗ್ತಿತ್ತು. ಸ್ವಲ್ಪ ಏರ್ಸಕ್ಕಾಗಲ್ವಾ?”

“ನಿಮ್ಮ ರೈಟರ್‌ನ ಕೇಳಿ.”

“ಅವ್ನು ಒಪ್ಪಲ್ಲ. ಬಾ, ಭಾವಂಗೆ ಫೋನ್ ಮಾಡಣ.”

ಇಬ್ಬರೂ ಮೆಟ್ಟಿಲಿಳಿದರು. ಕೆಳಗಿನ ಎಸ್‌ಟಿಡಿ ಬೂತಿನಿಂದ ಗೌಡರ ನಗು ಮಹಡಿಯವರೆಗೂ ಕೇಳಿಸಿತು. ಭಾವ ಮಾತಾಡಿದ್ದರು.