ಜಾತಕದ ಫೈಲು

ಅಧ್ಯಕ್ಷರಾದ ಮಧ್ವೇಶ್ ಅವರೇ, ಅತಿಥಿಗಳೇ, ಕೊಯಮತ್ತೂರಿನ ನಮ್ಮ ಕನ್ನಡ ಮನೆಗಳಿಂದ ಬಂದಿರುವ ಸಭಿಕರೇ,

ಶಾಲು ಹೊದಿಸಿದಿರಿ. ಇಪ್ಪತ್ತೆರಡು ವರ್ಷ ಸಂಘದ ವಧೂವರರ ಫೈಲು ನೋಡಿಕೊಂಡ ಗೋಪಾಲಕೃಷ್ಣ ನಿಸ್ವಾರ್ಥಿ ಎಂದಿರಿ. ಕನ್ನಡ ಅಕ್ಷರ ಓದಲು ಬಾರದೆ ಈ ಭಾಷಣವನ್ನು ತಮಿಳು ಅಕ್ಷರದಲ್ಲಿ ಬರೆದು ತಂದಿದ್ದೇನೆ. ತಡವರಿಸಿದರೆ ನಗಬೇಡಿ, ನಿಮ್ಮಲ್ಲಿ ಮುಕ್ಕಾಲು ಜನರದೂ ಇದೇ ಕಥೆ!

ಆ ಫೈಲಿನಲ್ಲಿ ಏನಿಲ್ಲ? ಹುಟ್ಟಿದ ದಿನ, ಗಳಿಗೆ, ನಕ್ಷತ್ರ, ತಾಯಿಯ ತವರು, ವಿಳಾಸ, ಫೋಟೋ. ವಯಸ್ಸು ಮುಚ್ಚಿಡುತ್ತಾರೆಂದು ಜಾತಕಕ್ಕೆ ಆಧಾರ್ ಪ್ರತಿಯನ್ನೂ ಸೇರಿಸಿದವನು ನಾನೇ. ಕಳ್ಳನಿಗೆ ಬೇಕಾದದ್ದನ್ನೆಲ್ಲ ಒಂದೇ ಕಡೆ ಜೋಡಿಸಿಟ್ಟಿದ್ದೆ.

ಕಳೆದ ಆಡಿ ತಿಂಗಳಲ್ಲಿ ಒಬ್ಬ ಫೋನ್ ಮಾಡಿದ. “ಮಾವಾ, ಆನೈಮಲೈಯಿಂದ ಕುಮರೇಶನ್. ತಮ್ಮನಿಗೆ ಹೆಣ್ಣು ನೋಡ್ತಾ ಇದೀವಿ. ಸಾಪಾಡು ಆಯ್ತಾ ಮಾವಾ, ಉಂಡ್ರಾ?”

ಮದುವೆಯ ಮಾತೇ ಎತ್ತದ ಆಷಾಢ ಅದು, ಆಡಿಯಲ್ಲಿ ಯಾರಾದರೂ ಸಂಬಂಧ ಕೇಳುತ್ತಾರೆಯೇ? ಅನುಮಾನ ಬರಬೇಕಿತ್ತು. ಬರಲಿಲ್ಲ. ಆಡಿಯಲ್ಲಿ ನನ್ನ ಫೋನು ಬಾಯಿ ಬಿಡುವುದೇ ಇಲ್ಲ. ಅವನು ಆಡಿದ್ದು ತಮಿಳು ಬೆರೆತ ಕನ್ನಡ, ಅಪ್ಪಟ ನಮ್ಮ ಮನೆಮಾತು. ನನ್ನ ಹೆಂಡತಿ ಗೋಪಿಕಾ ತೀರಿಕೊಂಡ ಮೇಲೆ ಆ ಮಾತು ನನ್ನ ಮನೆಯಲ್ಲಿ ಕೇಳಿಸಿರಲಿಲ್ಲ. ಹೊರಗೆಲ್ಲ ತಮಿಳು, ಒಳಗೆ ನಾನೊಬ್ಬನೇ.

ಎಲ್ಲವನ್ನೂ ಒಟ್ಟಿಗೆ ಕೇಳಿದ್ದರೆ ಗದರುತ್ತಿದ್ದೆ. ಅವನು ದಿನಕ್ಕೊಂದೇ ಕೇಳಿದ. ಒಂದು ದಿನ ನಕ್ಷತ್ರ, ಮರುದಿನ ಹುಟ್ಟಿದ ತಾರೀಕು, ಆಮೇಲೆ ಆಧಾರ್ ಪ್ರತಿಯ ಫೋಟೋ. ನಡುವೆ ನನ್ನ ಮಂಡಿನೋವು ವಿಚಾರಿಸಿದ. ಹೀಗೆ ಹದಿನೇಳು ದಿನ. ಅವನು ಏನೂ ಕೇಳದ ದಿನ ನಾನೇ, “ಇನ್ನೊಂದು ಜಾತಕ ಇದೆ, ಕಳಿಸ್ಲಾ ಕಣ್ಣು?” ಎಂದು ಮಗನನ್ನು ಕರೆದ ಹಾಗೆ ಮುದ್ದಿನಿಂದ ಕೇಳಿದೆ. ನಾಚಿಕೆಯಾಗುತ್ತದೆ.

ಆಮೇಲೆ ಫೋನು ನಿಂತಿತು. ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಭಾಮಾಳ ಮನೆಗೆ ಪೊಲೀಸರು ಬಂದರು. ನಾನು ಕಳಿಸಿದ್ದರಲ್ಲಿ ಅವಳ ಜಾತಕವೂ ಇತ್ತು. ಅವಳ ಹೆಸರಿನಲ್ಲಿ ಸಿಮ್ ತೆಗೆದು ಯಾರೋ ಹತ್ತಾರು ಜನರನ್ನು ವಂಚಿಸಿದ್ದರು. ಗೊತ್ತಾಗಿದ್ದ ಮದುವೆ ಮುರಿಯಿತು. “ನನ್ನ ಆಧಾರ್ ಅವರಿಗೆ ಎಪ್ಪಡಿ ಸಿಕ್ತು ಮಾವಾ?” ಎಂದು ಅತ್ತಳು. ಜೆರಾಕ್ಸ್ ಅಂಗಡಿಯಿಂದ ಹೋಗಿರಬೇಕು ಎಂದುಬಿಟ್ಟೆ.

ಕಳೆದ ವಾರ ಒಬ್ಬ ಸಿಕ್ಕಿಬಿದ್ದ. ಅವನ ಫೋನಿನಲ್ಲಿ ನನ್ನ ನಂಬರಿತ್ತು. ಠಾಣೆಗೆ ಕರೆಸಿ ಅವನ ದನಿ ಕೇಳಿಸಿದರು. ನಿಮ್ಮ ಹತ್ತಿರ ಮಾತಾಡಿದವನು ಇವನೇನಾ ಎಂದರು. ಅಲ್ಲ ಸಾರ್, ಆ ದನಿಯೇ ಬೇರೆ ಎಂದೆ.

ಅವನದೇ ದನಿ. ಭಯಕ್ಕೆ ಸುಳ್ಳು ಹೇಳಿದೆನೇ? ಇಲ್ಲ. ಪೊಲೀಸರು ಅವನನ್ನು ಬಿಟ್ಟುಬಿಟ್ಟರೆ ಮತ್ತೆ ಫೋನ್ ಮಾಡುತ್ತಾನೇನೋ ಎಂಬ ಆಸೆಗೆ ಹೇಳಿದೆ.

ಭಾಮಾ, ನಾಳೆ ಠಾಣೆಗೆ ಹೋಗಿ ಅವನೇ ಎನ್ನುತ್ತೇನೆ. ನೀನು ನನ್ನನ್ನು ಕ್ಷಮಿಸಬೇಕಾಗಿಲ್ಲ, ಜೊತೆಗೆ ಬಂದರೆ ಸಾಕು. ಒಬ್ಬನೇ ಹೋದರೆ ಮತ್ತೆ ಸುಳ್ಳು ಹೇಳಿಬಿಡುತ್ತೇನೆ.

ಇಷ್ಟು ಹೊತ್ತು ನನ್ನ ಮಾತು ಕೇಳಿಸಿಕೊಂಡಿರಿ, ಅದೇ ದೊಡ್ಡದು. ನಮಸ್ಕಾರ.