ಹಗ್ಗ ಕಟ್ಟಿದ ಬಕೆಟ್ಟು

ಆ ಬಾಗಿಲು ಸ್ವಲ್ಪ ಮುಂದೆ ಮಾಡಿ, ಹೇಳ್ತೀನಿ. ಇದು ಅವರಿವರ ಬಾಯಿಂದ ಬಂದ ಸುದ್ದಿಯಲ್ಲ. ನನ್ನ ಚಿಕ್ಕಮ್ಮನ ಮಗನಿಗೇ ಆದದ್ದು.

ಅವತ್ತು ಮಾಂಸದ ಗಾಡಿ ತಡವಾಗಿ ಬಂದಿತ್ತು. ಮೃಗಾಲಯದ ಅಡುಗೆಕೋಣೆಯಲ್ಲಿ ಎಲ್ಲ ಕಡಿದು, ತೂಗಿ, ನೆಲ ತೊಳೆಯುವಷ್ಟರಲ್ಲಿ ಸರಿರಾತ್ರಿ. ಪ್ರಾಣಿಗಳಿಗೆ ಮಾಂಸ ಕಡಿಯುವುದು ಅವನ ಕೆಲಸ. ಕೈಯಲ್ಲಿ ಸದಾ ಮಚ್ಚು, ಹಾಗಾಗಿ ಎಲ್ಲರಿಗೂ ಮಚ್ಚಣ್ಣ. ಮೊದಲೆಲ್ಲ ಬಾಯಿಬಡುಕ. ಈಚೆಗೆ ಬಾಯಿಗೆ ಬೀಗ ಬಿದ್ದಿತ್ತು. ಹೆಗಲ ಚೀಲದಲ್ಲಿ ಮನೆಯ ನಾಯಿಗೆಂದು ಒಂದು ಕಾಲುಮೂಳೆ ಇತ್ತು. ಅಭ್ಯಾಸಬಲ, ಅದನ್ನೂ ಮಚ್ಚಿನಿಂದ ಚೂರುಚೂರು ಮಾಡಿದ್ದ.

ಹಿಂದಿನ ಗೇಟಿಗೆ ಹೋಗಬೇಕಾದರೆ ಹಾಳುಬಾವಿ ದಾಟಬೇಕು. ಬಾವಿಯ ಪಕ್ಕದಲ್ಲೇ ತೋಳದ ಪಂಜರ... ಖಾಲಿ ಪಂಜರ.

ಯಾಕೆ ಖಾಲಿ ಅಂತ ಮೊದಲು ಕೇಳಿ.

ಅಲ್ಲಿ ಕತ್ತೆಕಿರುಬಕ್ಕೂ ತೋಳಕ್ಕೂ ಒಂದೇ ಥರದ ಬಕೆಟ್ಟು. ಆದರೆ ತಿನ್ನುವ ರೀತಿಯಲ್ಲಿ ಅಜಗಜಾಂತರ. ಕಿರುಬಕ್ಕೆ ದವಡೆಯೇ ಆಸ್ತಿ. ತೊಡೆಮೂಳೆಯನ್ನೂ ಪುಡಿ ಮಾಡಿ ನುಂಗುತ್ತದೆ, ಗೊರಸನ್ನೂ ಬಿಡುವುದಿಲ್ಲ. ಮಾರನೆಯ ದಿನ ನೋಡಿದರೆ ಅದರ ಹಿಕ್ಕೆ ಸುಣ್ಣದ ಹಾಗೆ ಬಿಳಿ. ತೋಳಕ್ಕೆ ಬೇಕಾದದ್ದು ಮಾಂಸ. ಅಗಿಯುವ ತಾಳ್ಮೆ ಅದಕ್ಕಿಲ್ಲ, ಗಬಗಬ ನುಂಗುವುದೇ. ಇದಂತೂ ಹಲ್ಲು ಸವೆದ ಮುದಿ ತೋಳ. ಅದಕ್ಕೆ ಮೂಳೆ ತೆಗೆದ ಮೆತ್ತನೆ ತುಂಡೇ ಆಗಬೇಕು.

ಬಕೆಟ್ಟು ಅದಲುಬದಲಾಗದಿರಲೆಂದು ಮಚ್ಚಣ್ಣನೇ ಕಿರುಬದ ಬಕೆಟ್ಟಿನ ಹಿಡಿಗೆ ಒಂದು ಹಗ್ಗದ ತುಂಡು ಕಟ್ಟಿದ್ದ. ತೋಳವನ್ನು ನೋಡಿಕೊಳ್ಳುತ್ತಿದ್ದವರು ಅವನ ಅಕ್ಕನ ಗಂಡ. ಭಾವನಿಗೆ ಕಣ್ಣು ಮಂಜು. ಕೈಯಲ್ಲಿ ಹಿಡಿ ಸವರಿ, ಹಗ್ಗ ಇಲ್ಲದ ಬಕೆಟ್ಟು ಎತ್ತಿಕೊಂಡು ಹೋಗಿ ಪಂಜರದ ಕಿಂಡಿಯಲ್ಲಿ ಸುರಿದು ಬರುತ್ತಿದ್ದರು.

ಒಂದು ಸಂಜೆ ಮಚ್ಚಣ್ಣ ಯಾರಿಗೋ ತಮಾಷೆ ಹೇಳುತ್ತಾ, ನಗುತ್ತಾ, ಹಗ್ಗ ಇಲ್ಲದ ಬಕೆಟ್ಟಿಗೇ ಚೂಪು ಚೂಪು ಮೂಳೆ ತುಂಬಿಬಿಟ್ಟ. ತೋಳ ಹಸಿದಿತ್ತು, ನುಂಗಿತು. ಬೆಳಗಿನ ತನಕ ಕೆಮ್ಮಿ ಕೆಮ್ಮಿ ಸತ್ತಿತು.

ತಪ್ಪು ಯಾರ ಕೈಯಿಂದಲೂ ಆಗುತ್ತದೆ ಬಿಡಿ. ಅವನು ಆಮೇಲೆ ಮಾಡಿದ್ದಿದೆಯಲ್ಲ, ಅದು ತಪ್ಪಲ್ಲ, ಪಾಪ. ಸಾಹೇಬರು ಬರುವ ಮುಂಚೆ ಕಿರುಬದ ಬಕೆಟ್ಟಿನ ಹಗ್ಗ ಬಿಚ್ಚಿದ. ಭಾವ ತೋಳಕ್ಕೆ ಸುರಿದು ತಂದಿದ್ದ, ತಳದಲ್ಲಿ ಮೂಳೆಪುಡಿ ಇದ್ದ ಬಕೆಟ್ಟಿಗೆ ಅದನ್ನು ಕಟ್ಟಿದ. ಈಗ ನೋಡಿದವರೆಲ್ಲ ಏನಂದರು? ಕಿರುಬದ ಬಕೆಟ್ಟು ತಗೊಂಡು ಹೋಗಿ ತೋಳಕ್ಕೆ ಸುರಿದಿದ್ದಾನೆ ಈ ಕುರುಡ, ಅಂದರು. ಭಾವನ ಕೆಲಸ ಹೋಯಿತು. ಕ್ವಾರ್ಟರ್ಸ್ ಬಿಡಿ ಅಂದರು. ಮಚ್ಚಣ್ಣ ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದ.

ನಾನು ಹೇಳುತ್ತಿರುವ ರಾತ್ರಿ ಕಳೆದರೆ, ಅಕ್ಕನ ಮನೆ ಸಾಮಾನು ಸಾಗಿಸಲು ಬೆಳಿಗ್ಗೆ ಗಾಡಿ ಬರುವುದಿತ್ತು.

ಮಚ್ಚಣ್ಣ ಬಾವಿ ಹತ್ತಿರ ಬಂದ. ಹಿಂದೆ ಜಲ್ಲಿಕಲ್ಲಿನ ಮೇಲೆ ಉಗುರಿನ ಸದ್ದು.

ಟಕ್... ಟಕ್... ಟಕ್...

ನಿಂತ. ಅದೂ ನಿಂತಿತು.

ಕಿರುಬ ತಪ್ಪಿಸಿಕೊಂಡಿರಬೇಕು ಅಂದುಕೊಂಡ. ದೇವರೇ, ಕಿರುಬವೇ ಆಗಿರಲಿ! ಮೂಳೆ ಮುರಿಯುವ ಪ್ರಾಣಿ ಬೆನ್ನ ಹಿಂದೆ ಇರಲಿ ಅಂತ ಯಾರಾದರೂ ಬೇಡಿಕೊಳ್ಳುತ್ತಾರಾ? ಅವನು ಬೇಡಿಕೊಂಡ. ಕಿರುಬವಾದರೆ ಬದುಕಿರುವ ಪ್ರಾಣಿ, ಅಷ್ಟೇ.

ಆದರೆ ಕಿರುಬಕ್ಕೆ ಮುಂಗಾಲು ಉದ್ದ, ಹಿಂಗಾಲು ಗಿಡ್ಡ. ಕುಂಟಿದ ಹಾಗೆ ನಡೆಯುತ್ತದೆ. ಈ ಹೆಜ್ಜೆ ಸಮನಾಗಿತ್ತು...

ತಿರುಗಿ ನೋಡಿದ. ಬಾವಿಕಟ್ಟೆಯ ಹತ್ತಿರ ಒಂದು ಆಕಾರ. ಬೆನ್ನು ಇಳಿಜಾರಾಗಿದೆಯಾ? ಇಲ್ಲ, ನೆಟ್ಟಗಿದೆ. ಬೆನ್ನುದ್ದಕ್ಕೂ ಜೂಲು? ಕಾಣಲಿಲ್ಲ. ಮೈಮೇಲೆ ಪಟ್ಟೆ? ಕತ್ತಲೆಗೆ ಕಾಣುತ್ತಿಲ್ಲ, ಅಷ್ಟೇ, ಅಷ್ಟೇ... ಅಂತ ತನಗೆ ತಾನೇ ಹೇಳಿಕೊಂಡ.

ಆಗ ದೂರದಲ್ಲಿ, ಆ ತುದಿಯ ಕಿರುಬದ ಪಂಜರದ ಒಳಗಿಂದ, ಮೂಳೆ ಮುರಿದ ಸದ್ದು ಬಂತು.

ಕಟಾರ್.

ಕಿರುಬ ಅಲ್ಲಿದೆ. ಹಾಗಾದರೆ ಇಲ್ಲಿರುವುದು?

ಚೀಲ ಬಿಚ್ಚಿ ಮೂಳೆಚೂರೆಲ್ಲ ಆ ಕಡೆ ಎಸೆದ. ಅದು ತಲೆ ತಗ್ಗಿಸಿತು. ಮುರಿಯುವ ಸದ್ದಿಲ್ಲ. ಬರೀ ನೆಕ್ಕುವ ಸದ್ದು... ಸವೆದ ಹಲ್ಲು ಉಜ್ಜುವ ಸದ್ದು... ಕರಕ್... ಕರಕ್... ಆಮೇಲೆ ಕೆಮ್ಮು.

ಕ್ಹಹ್... ಕ್ಹಹ್...

ಆ ಕೆಮ್ಮು ಅವನಿಗೆ ಗೊತ್ತು. ಆ ರಾತ್ರಿ ಅಡುಗೆಕೋಣೆಯಲ್ಲಿ ಮಲಗಿ, ಬೆಳಗಿನ ತನಕ ಕಿವಿ ಮುಚ್ಚಿಕೊಂಡು ಕೇಳಿದ ಕೆಮ್ಮು. ಅವತ್ತೇ ಎದ್ದು ಹೋಗಿ ಡಾಕ್ಟರನ್ನು ಕರೆಸಬಹುದಿತ್ತು. ಕರೆಸಿರಲಿಲ್ಲ.

ಓಡಿದ. ಗೇಟಿಗಲ್ಲ, ಅಕ್ಕನ ಮನೆಗೆ. ಕದ ತೆರೆದವರು ಭಾವ. ಒಳಗೆಲ್ಲ ಕಟ್ಟಿಟ್ಟ ಗಂಟುಮೂಟೆ.

"ಯಾರು?"

"ನಾನು ಭಾವ..."

"ಏನೋ ಇಷ್ಟೊತ್ತಲ್ಲಿ? ಮೆಲ್ಲಗೆ ಮಾತಾಡು. ನಿಮ್ಮಕ್ಕ ಈಗ ತಾನೇ ನಿದ್ದೆ ಹೋಗಿದಾಳೆ."

"ಮೂಳೆ ತುಂಬಿದ್ದು ನಾನು ಭಾವ. ಹಗ್ಗ... ಹಗ್ಗ ಆಮೇಲೆ ಕಟ್ಟಿದ್ದೂ ನಾನೇ."

ಭಾವ ಹಿಂದೆ ಕೈ ಚಾಚಿ ಒಳಕೋಣೆಯ ಬಾಗಿಲು ಮುಂದೆ ಮಾಡಿದರು. ಆಮೇಲೆ ಅಂದರು:

"ನಂಗೆ ಕಣ್ಣು ಮಂಜು ಕಣೋ. ಕೈ ಅಲ್ಲ. ಅವತ್ತು ಹಿಡೀಲಿ ಹಗ್ಗ ಇರಲಿಲ್ಲ."

"ಗೊತ್ತಿತ್ತಾ? ಮತ್ಯಾಕೆ ಹೇಳಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ."

ಮಚ್ಚಣ್ಣ ಹೊಸ್ತಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಭಾವ ಒಳಗೆ ಹೋಗಿ ಒಂದು ಚೊಂಬು ನೀರು ತಂದು ಪಕ್ಕದಲ್ಲಿಟ್ಟರು. ಸಮಾಧಾನ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ.

ಬೆಳಕು ಹರಿಯುತ್ತಲೇ ಇಬ್ಬರೂ ಸಾಹೇಬರ ಹತ್ತಿರ ಹೊರಟರು. ಹೋಗುವ ದಾರಿ ಅದೇ ಬಾವಿಯ ಪಕ್ಕದ್ದು. ಅಲ್ಲಿ ಮಚ್ಚಣ್ಣ ನಿಂತುಬಿಟ್ಟ. ಭಾವ ಬಗ್ಗಿ, ತಡವಿ, ನೆಲದಿಂದ ಏನನ್ನೋ ಎತ್ತಿಕೊಂಡರು.

ಆಮೇಲಿನದು ಆಗಬೇಕಾದ ಹಾಗೇ ಆಯಿತು. ಭಾವನನ್ನು ವಾಪಸ್ ಕರೆದರು, ಇವನನ್ನು ತೆಗೆದರು. ಈಗ ಎಲ್ಲೋ ಗೋದಾಮಿನಲ್ಲಿ ಮೂಟೆ ಎತ್ತುತ್ತಾನೆ. ಅಕ್ಕ ಅವನೊಂದಿಗೆ ಮಾತು ಬಿಟ್ಟಳು. ಭಾವ ಬಿಟ್ಟಿಲ್ಲ.

ನಕ್ಕು ಬಿಡುವವರು ನಕ್ಕುಬಿಡಿ, ನನಗೇನೂ ನಷ್ಟವಿಲ್ಲ. ಭಾವ ಅವತ್ತು ಎತ್ತಿಕೊಂಡದ್ದು ಇವತ್ತಿಗೂ ಅವರ ಮನೆ ಕಿಟಕಿಯಲ್ಲಿದೆ. ನಾನೇ ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದ್ದೀನಿ. ಒಂದು ಕಾಲುಮೂಳೆ. ತುದಿಗಳಲ್ಲಿ ಸವೆದ ಹಲ್ಲಿನ ಗುರುತು. ಮಚ್ಚಣ್ಣ ಚೂರುಚೂರು ಮಾಡಿ ಎಸೆದಿದ್ದನಲ್ಲ...

ಅದು ಇಡೀ ಮೂಳೆ. ಮಚ್ಚಿನ ಒಂದು ಗೀರೂ ಇಲ್ಲ.